ಕಡಲ ತಾಯಿಗೆ ಹೂವು

ಬ್ರೆಜಿಲ್ ದೇಶದ ಸಾಲ್ವಡಾರ್ ನಗರದಲ್ಲಿ ಪ್ರತಿವರ್ಷ ಫೆಬ್ರವರಿ 2ರಂದು ಬೆಸ್ತರು ಇಯೆಮಾಂಜಾ ದೇವಿಗೆ ಹೂವು, ಕನ್ನಡಿ, ಬಾಚಣಿಗೆಗಳನ್ನು ದೋಣಿಗಳಲ್ಲಿ ಒಯ್ದು ಕಡಲಿಗೆ ಅರ್ಪಿಸುವರು. ಆಫ್ರಿಕದ ಯೊರುಬಾ ಜನರಲ್ಲಿ ಈಕೆ ಓಗುನ್ ನದಿಯ ದೇವತೆ. ಗುಲಾಮರಾಗಿ ಹಡಗಿನಲ್ಲಿ ಒಯ್ಯಲ್ಪಟ್ಟವರು ಊರನ್ನೂ ನದಿಯನ್ನೂ ಕಳೆದುಕೊಂಡರು, ದೇವಿಯನ್ನು ಬಿಡಲಿಲ್ಲ. ತಮ್ಮವರನ್ನು ನುಂಗಿದ ಕಡಲನ್ನೇ ಆಕೆಯ ನೆಲೆಯೆಂದರು! ಗುಲಾಮಗಿರಿ 1888ರಲ್ಲಿ ಅಳಿದರೂ, ಬಾಹಿಯಾ ಪ್ರಾಂತದ ಕಾಂಡೊಂಬ್ಲೆ ಮಂದಿರಗಳು 1976ರವರೆಗೆ ಪೂಜೆಗೆ ಪೋಲೀಸರ ಅನುಮತಿ ಪಡೆಯಬೇಕಾಗಿದ್ದಿತು. ಅದೇ ಕಾಲದಲ್ಲಿ ದೊರಿವಾಲ್ ಕಾಯ್ಮಿಯವರು (1914–2008) ಈ ದೇವಿಯನ್ನೂ ಬೆಸ್ತರನ್ನೂ ಕುರಿತು ಕಟ್ಟಿದ ಹಾಡುಗಳಿಗೆ ದೇಶವೆಲ್ಲ ತಲೆದೂಗುತ್ತಿದ್ದಿತು. ಹಾಡು ಬೇಕು, ಹಾಡಿನ ದೇವರು ಬೇಡವೆಂಬ ಈ ರಸಿಕತೆಯನ್ನು ನಾವು ಮೆಚ್ಚಲಾರೆವು. ಈಚೆಗೆ ಹರಕೆಯಲ್ಲಿ ಪ್ಲಾಸ್ಟಿಕ್ ಬೇಡವೆಂದು ಭಕ್ತರಲ್ಲಿಯೇ ಅನೇಕರು ಹೇಳುತ್ತಿದ್ದಾರೆ. ಅದನ್ನು ಸ್ವಾಗತಿಸುತ್ತೇವೆ, ಕನ್ನಡಿ ದಡದಲ್ಲಿಯೇ ಉಳಿಯಲಿ.