ಅಳತೆ ಮೊದಲು, ತೀರ್ಪು ಅನಂತರ

ವಿದ್ಯುತ್ ಬೈಕು ನಡುದಾರಿಯಲ್ಲಿ ನಿಂತಿತೆಂದರೆ ಸಾಮಾನ್ಯವಾಗಿ ಹೊರಡುವ ತೀರ್ಪು ಒಂದೇ: ‘ಬ್ಯಾಟರಿ ಹೋಯಿತು.’ ವಾಹನದ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ ಆಗಿರುವಾಗ, ವಿಚಾರಣೆಯಿಲ್ಲದೆ ನೀಡುವ ಈ ತೀರ್ಪು ಸಾಮಾನ್ಯ ಕುಟುಂಬವೊಂದರ ಹಲವು ತಿಂಗಳ ಉಳಿತಾಯವನ್ನು ನುಂಗಬಲ್ಲದು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಹಿರಿಯರ ಗಾದೆ. ಕಣ್ಣಿಗೆ ಕಾಣದ ವಿದ್ಯುತ್ತಿನ ವಿಷಯದಲ್ಲಂತೂ ಪ್ರಮಾಣವಿಲ್ಲದ ಮಾತಿಗೆ ಬೆಲೆಯಿಲ್ಲ.

ಬ್ಯಾಟರಿಯೆಂಬುದು ಒಂದೇ ವಸ್ತುವಲ್ಲ, ಹಲವು ಕೋಶಗಳ ಸಮೂಹ. ‘48 ವೋಲ್ಟಿನ’ ಸಾಮಾನ್ಯ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಕೋಶಗಳ 13 ಗುಂಪುಗಳು ಸರಣಿಯಲ್ಲಿ ಜೋಡಣೆಗೊಂಡಿರುತ್ತವೆ. ತುಂಬಿದ ಕೋಶವೊಂದರ ವೋಲ್ಟೇಜು 4.2 ಆದುದರಿಂದ ತುಂಬಿದ ಬ್ಯಾಟರಿ ಸುಮಾರು 54.6 ತೋರಬೇಕು. 48 ಎಂಬುದು ಹೆಸರೇ ಹೊರತು ತುಂಬಿದ ಲಕ್ಷಣವಲ್ಲ. ಮೀಟರು 48 ತೋರಿದರೆ ಶಕ್ತಿಯ ಸುಮಾರು ಅರ್ಧಭಾಗ ಆಗಲೇ ವ್ಯಯವಾಗಿರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಬ್ಯಾಟರಿಯ ಅಂಕಿಗಳು ಬೇರೆ. ಆದಕಾರಣ ಬ್ಯಾಟರಿಯ ಮೇಲಿನ ಚೀಟಿಯನ್ನು ಓದುವುದೇ ಪರೀಕ್ಷೆಯ ಮೊದಲ ಪಾಠ.

ಪರೀಕ್ಷೆಗೆ ಒಂದು ಕ್ರಮವುಂಟು. ಮೊದಲು ಕಣ್ಣು, ಮೂಗು: ಉಬ್ಬು, ಬಿರುಕು, ವಾಸನೆ, ಅಸಹಜ ಬಿಸಿ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಬಳಿಕ ಚಾರ್ಜರು: ಅದರ ತುದಿಯಲ್ಲಿ 54.6ರ ಆಸುಪಾಸು ಇಲ್ಲದಿದ್ದರೆ ದೋಷ ಅಲ್ಲಿಯೇ ಇರಬಹುದು; ಕೆಲವು ಚಾರ್ಜರುಗಳು ಮಾತ್ರ ಬ್ಯಾಟರಿಗೆ ಸೇರಿದ ಮೇಲೆಯೇ ವಿದ್ಯುತ್ತು ಕೊಡುತ್ತವೆ. ಆಮೇಲೆ ಫ್ಯೂಸು, ತಂತಿ, ಕಿಲುಬು ಹಿಡಿದ ಕನೆಕ್ಟರು. ಕೊನೆಗೆ ಬ್ಯಾಟರಿ. ಚಾರ್ಜು ಪೂರ್ಣಗೊಂಡು ಕೆಲವು ಗಂಟೆ ವಿಶ್ರಮಿಸಿದ ಮೇಲೂ ಅದು 50ರ ಸಮೀಪದಲ್ಲಿಯೇ ನಿಂತಿದ್ದರೆ ಗುಂಪುಗಳಲ್ಲಿ ಸಮತೋಲ ತಪ್ಪಿರುವ ಸಂಭವ ಹೆಚ್ಚು. ಒಂದು ಗುಂಪು ಮೊದಲೇ ತುಂಬಿದೊಡನೆ ರಕ್ಷಣಾ ಮಂಡಲವು ಎಲ್ಲವುಗಳ ಚಾರ್ಜನ್ನೂ ನಿಲ್ಲಿಸಿಬಿಡುತ್ತದೆ. ವಿಶ್ರಾಂತಿಯಲ್ಲಿ 54 ತೋರಿ, ಏರುದಾರಿಯಲ್ಲಿ ವೋಲ್ಟೇಜು ಥಟ್ಟನೆ ಕುಸಿದರೆ ಆಂತರಿಕ ರೋಧ ಹೆಚ್ಚಿದೆಯೆಂದು ಅರ್ಥ.

ಇಷ್ಟು ಅಳೆಯುವುದು ಗೃಹಸ್ಥನ ಕೆಲಸ. ಪೆಟ್ಟಿಗೆ ತೆರೆಯುವುದು ತಜ್ಞನ ಕೆಲಸ. ರಕ್ಷಣಾ ಮಂಡಲವನ್ನು ತಪ್ಪಿಸಿ ನೇರ ತಂತಿ ಎಳೆಯುವುದೂ, ದೀರ್ಘಕಾಲ ಪೂರ್ತಿ ಬರಿದಾಗಿದ್ದ ಬ್ಯಾಟರಿಗೆ ಬಲವಂತವಾಗಿ ಚಾರ್ಜು ತುಂಬುವುದೂ ಬೆಂಕಿಗೆ ಆಹ್ವಾನ. 2022ರಲ್ಲಿ ಭಾರತದಲ್ಲಿ ವಿದ್ಯುತ್ ದ್ವಿಚಕ್ರ ವಾಹನಗಳು ಹೊತ್ತಿ ಉರಿದ ಘಟನೆಗಳ ಅನಂತರ ಕೇಂದ್ರ ಸರ್ಕಾರವು ಬ್ಯಾಟರಿಯ ಸುರಕ್ಷತಾ ಮಾನದಂಡಗಳನ್ನು ಬಿಗಿಗೊಳಿಸಿತು. ಆದರೆ ಮನೆಯೊಳಗಿನ ಅವಿವೇಕವನ್ನು ಯಾವ ಮಾನದಂಡವೂ ತಡೆಯಲಾರದು.

‘ಇದೆಲ್ಲ ಮೆಕ್ಯಾನಿಕನಿಗೆ ಬಿಟ್ಟ ವಿಷಯ’ ಎಂಬ ಆಕ್ಷೇಪ ಬರಬಹುದು. ಅಳತೆ ಬಲ್ಲ ಗಿರಾಕಿಯನ್ನು ಪ್ರಾಮಾಣಿಕ ಮೆಕ್ಯಾನಿಕನು ಗೌರವಿಸುತ್ತಾನೆ; ಅಪ್ರಾಮಾಣಿಕನು ಅಂಜುತ್ತಾನೆ. ಎರಡರಿಂದಲೂ ಲಾಭವೇ. ಈ ವಿವೇಕವನ್ನು ಬಿತ್ತಬೇಕಾದ ಕ್ಷೇತ್ರ ಶಾಲೆ. ಹಳೆಯ ಟಾರ್ಚಿನ ಶುಷ್ಕಕೋಶವನ್ನು ಬರಿದೆ ಅಳೆದರೆ ಅದು 1.5 ವೋಲ್ಟಿಗೆ ಸಮೀಪದ ಅಂಕಿಯನ್ನೇ ತೋರಬಹುದು; ಬಲ್ಬು ಜೋಡಿಸಿ ಅಳೆದಾಗ ಕುಸಿಯುತ್ತದೆ. ಬೈಕಿನ ಬ್ಯಾಟರಿಯ ರಹಸ್ಯವೂ ಇದೇ. ಓಮನ ನಿಯಮವನ್ನು ಬಾಯಿಪಾಠ ಮಾಡಿಸುವ ಅಧ್ಯಾಪಕರು ಈ ಒಂದು ಪ್ರಯೋಗವನ್ನು ಮಕ್ಕಳ ಕೈಯಿಂದಲೇ ಮಾಡಿಸಿದರೆ ನಿಯಮವು ಬಾಳಿಗೆ ಬರುತ್ತದೆ.

ದಾನಿಗಳು ಪ್ರಯೋಗಶಾಲೆಗೆ ನಾಲ್ಕಾರು ಮಲ್ಟಿಮೀಟರುಗಳನ್ನು ಒದಗಿಸುವುದೂ, ಈ ಕಸುಬಿನಲ್ಲಿ ನುರಿತ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ಅವುಗಳ ಬಳಕೆಯನ್ನು ಕಲಿಸುವುದೂ ದೊಡ್ಡ ಭಾರವಲ್ಲ. ಅಳೆದು ನುಡಿಯುವ ಅಭ್ಯಾಸ ಬೆಳೆದ ವಿದ್ಯಾರ್ಥಿ ಬ್ಯಾಟರಿಯ ವಿಷಯದಲ್ಲಷ್ಟೇ ಅಲ್ಲ, ಮನುಷ್ಯರ ವಿಷಯದಲ್ಲಿಯೂ ಆತುರದ ತೀರ್ಪು ನೀಡಲಾರನು.