ತೆರೆಯ ಮೇಲೆ ಹೀರೋ, ತೆರೆಯ ಮೇಲೆ ಜೀರೋ!

ನಮ್ಮ ಕನ್ನಡದಲ್ಲಿ ಒಂದು ತಮಾಷೆ ಇದೆ ನೋಡಿ. ಸಿನಿಮಾ ಬೀಳುವ ಬಿಳೀ ಪರದೆಗೂ 'ತೆರೆ' ಅಂತೀವಿ, ಸಮುದ್ರದಲ್ಲಿ ಎದ್ದು ಬೀಳುವ ಅಲೆಗೂ 'ತೆರೆ' ಅಂತೀವಿ. ಇಷ್ಟು ದಿನ ಮೊದಲನೇ ತೆರೆಯ ವಿಷಯ ಬರೆದೂ ಬರೆದೂ ಪೆನ್ನು ಸವೆಸಿದ್ದೇನೆ. ಈ ವಾರ ಎರಡನೇ ತೆರೆಯ ವಿಷಯ. ಯಾವ ನಾಯಕಿ ಯಾವ ನಿರ್ಮಾಪಕರ ಮೇಲೆ ಮುನಿಸಿಕೊಂಡಳು ಅನ್ನೋ ಸುದ್ದಿಯೇ ಬೇಕು ಅನ್ನುವವರು ಪುಟ ತಿರುಗಿಸಿಬಿಡಿ... ತಿರುಗಿಸಿದಿರಾ? ಇಲ್ಲ ತಾನೆ? ಹಾಗಾದರೆ ಕೇಳಿ.

ಕಳೆದ ಡಿಸೆಂಬರಿನಲ್ಲಿ ನಮ್ಮ ಸವಾರಿ ಮಲ್ಪೆಗೆ ಹೊರಟಿತು. ತಂಡ ದೊಡ್ಡದೇ. ನಾನು, ನನ್ನ ಶ್ರೀಮತಿ, ಆಕೆಯ ತಮ್ಮ, ನನ್ನ ಇಬ್ಬರು ಗೆಳೆಯರು, ಒಬ್ಬರ ಮನೆಯವರು, ಮತ್ತೆ ನಮ್ಮ ನಾಲ್ಕು ವರ್ಷದ ಪುಟ್ಟ. ಗೆಳೆಯರಲ್ಲಿ ಒಬ್ಬನ ಹೆಸರು ಬರೆಯೋದಿಲ್ಲ, ಓದಿದರೆ ಜಗಳಕ್ಕೆ ಬಂದಾನು. 'ಹೀರೋ' ಅಂತಲೇ ಕರೆಯೋಣ. ಆತ 'ಉಳಿದವರು ಕಂಡಂತೆ' ಚಿತ್ರವನ್ನು 2014ರಲ್ಲಿ ಬಿಡುಗಡೆಯಾದಾಗಿನಿಂದ ಎಷ್ಟು ಸಲ ನೋಡಿದ್ದಾನೋ ಅವನಿಗೇ ಲೆಕ್ಕವಿಲ್ಲ. ಮಲ್ಪೆಯ ಬಂದರಿಗೆ ಕಾಲಿಟ್ಟಿದ್ದೇ ತಡ, ಮೀನಿನ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರೆ ಇವನು ಮಾತ್ರ ಕಾಲರ್ ಎತ್ತಿಕೊಂಡು ರಿಚ್ಚಿಯ ಥರ ನಡೆಯೋಕೆ ಶುರು! ಅವನ ಹಿಂದೆ ನಮ್ಮ ಪುಟ್ಟ, ಅದೇ ನಡಿಗೆ, ಅದೇ ಗತ್ತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಆ ನಗುವನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತೆ.

*

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಸುಮಾರು ಆರು ಕಿಲೋಮೀಟರ್ ನೀರಿನ ದಾರಿ. ಮಳೆಗಾಲದಲ್ಲಿ ದೋಣಿ ಇಲ್ಲ. ಮಳೆ ಮುಗಿದು ಸಮುದ್ರ ತಣ್ಣಗಾದ ಮೇಲೆ ಜನವೋ ಜನ. ದೋಣಿ ಹತ್ತುವಾಗ ಎಲ್ಲರಿಗೂ ಒಂದೊಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು. ಪುಟ್ಟನಿಗೆ ಚಿಕ್ಕದೇ ಸಿಕ್ಕಿತು. ಹಾಕಿ ಬಕಲ್ ಬಿಗಿದೆ.

ದೋಣಿ ಹೊರಟಿತು. ಸ್ಪೀಕರಿನಲ್ಲಿ ಸಿನಿಮಾ ಹಾಡು. ಕಾಲೇಜು ಹುಡುಗರ ಕುಣಿತ. ನಮ್ಮ ಹೀರೋ ಸುಮ್ಮನಿರ್ತಾನಾ? "ಏನಯ್ಯಾ ಇದು, ಹೊಸ ಶರ್ಟು ಹಾಕ್ಕೊಂಡು ಬಂದಿದ್ದು ಈ ಗೋಣಿಚೀಲದೊಳಗೆ ಮುಚ್ಚೋದಕ್ಕಾ?" ಅಂತ ಜಾಕೆಟ್ ಬಿಚ್ಚಿ ಬೆಂಚಿನ ಕೆಳಗೆ ತಳ್ಳಿದ. ದೋಣಿಯ ಮೂತಿಯ ಹತ್ತಿರ ಹೋಗಿ ಎರಡೂ ಕೈ ಅಗಲಿಸಿ ನಿಂತ. ಗೊತ್ತಾಯ್ತಲ್ಲ, 'ಟೈಟಾನಿಕ್' ಪೋಜು! ಕುಣೀತಿದ್ದ ಹುಡುಗರು ಶಿಳ್ಳೆ ಹೊಡೆದರು. ದೋಣಿ ನಡೆಸುತ್ತಿದ್ದ ಹಿರಿಯ ತಂಡೇಲರು ಹಿಂದಿನಿಂದ, "ಕೂತ್ಕೊಳ್ಳಿ ಮಾರಾಯ್ರೆ, ಎಂತ ಅದು?" ಅಂತ ಕೂಗಿದರು. ಹಾಡಿನ ಗಲಾಟೆಯಲ್ಲಿ ಕೇಳಿಸಿದವರು ಯಾರು?

"ಮಾಮ ಹಾಕ್ಕೊಂಡಿಲ್ಲ. ನಂಗೂ ಬೇಡ" ಅಂದ ಪುಟ್ಟ.

ಇಲ್ಲಿ ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ಬೈಯಬೇಕಾಗಿದ್ದ ನಾನೇ, "ಒಂದೇ ಒಂದು ಫೋಟೋ ಕಣೋ, ಆಮೇಲೆ ಹಾಕ್ಕೋಬೇಕು" ಅಂತ ಬಕಲ್ ಬಿಚ್ಚಿದೆ. ಮಾಮನ ಪಕ್ಕ ಕೈ ಅಗಲಿಸಿ ನಿಂತ ಮಗನ ಫೋಟೋ ತೆಗೆದೆ. ಫೋಟೋ ಚೆನ್ನಾಗಿ ಬಂತು. ಅದನ್ನ ಶ್ರೀಮತಿಗೆ ತೋರಿಸುತ್ತಾ, ಇನ್ನೊಬ್ಬ ಗೆಳೆಯನಿಗೆ ಕಳಿಸುತ್ತಾ... ಜಾಕೆಟ್ ಮರೆತೇ ಹೋಯಿತು.

ದ್ವೀಪದ ಹತ್ತಿರ ಬಂದಾಗ ಎಂಜಿನ್ ನಿಧಾನವಾಯಿತು. ಅಲ್ಲಿ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಇಳಿದು ದಡ ಸೇರಬೇಕು. ಒಂದು ಸಂಗತಿ ಆವತ್ತು ಕಲಿತೆ. ಓಡುವ ದೋಣಿಗಿಂತ ನಿಂತ ದೋಣಿಯೇ ಹೆಚ್ಚು ಹೊಯ್ದಾಡುತ್ತೆ. ನಾವೋ, ಬಸ್ಸು ಸ್ಟ್ಯಾಂಡಿಗೆ ಬಂತು ಅನ್ನೋ ಹಾಗೆ ಎಲ್ಲರೂ ಒಟ್ಟಿಗೆ ಎದ್ದೆವು. ಚೀಲ ಯಾರದು, ನೀರಿನ ಬಾಟಲಿ ಎಲ್ಲಿ ಅನ್ನುವ ಗದ್ದಲ. ಪುಟ್ಟ ಅಂಚಿನ ಬೆಂಚು ಹತ್ತಿದ್ದು ಯಾರೂ ನೋಡಲಿಲ್ಲ. ಹತ್ತಿ, ಎರಡೂ ಕೈ ಅಗಲಿಸಿದ. ಮಾಮನ ಹಾಗೆ.

ಅಡ್ಡಡ್ಡಲಾಗಿ ಒಂದು ತೆರೆ ಬಂತು. ದೊಡ್ಡದೇನಲ್ಲ. ದೋಣಿ ಒಂದು ಪಕ್ಕಕ್ಕೆ ವಾಲಿತು.

ನಾನು ತಿರುಗಿ ನೋಡುವಷ್ಟರಲ್ಲಿ ಪುಟ್ಟನ ಸೊಂಟದ ಮೇಲಿನ ಭಾಗ ದೋಣಿಯ ಆಚೆಗಿತ್ತು. ನನಗೂ ಅವನಿಗೂ ನಡುವೆ ಮೂರು ಜನ. ಬಾಯಿಂದ ಕೂಗೂ ಬರಲಿಲ್ಲ, ಕಾಲೂ ಏಳಲಿಲ್ಲ. ನಮ್ಮ ಹೀರೋ ನನಗಿಂತ ಹತ್ತಿರ ಇದ್ದ. ಅವನೂ ಕಂಬದ ಹಾಗೆ ನಿಂತಿದ್ದ.

ಹಗ್ಗ ಹಿಡಿದು ನಿಂತಿದ್ದ ದೋಣಿಯ ಹುಡುಗ, ಇಪ್ಪತ್ತು ದಾಟಿರಲಾರದು, ಬಲಗೈಯ ಹಗ್ಗ ಬಿಡದೆ ಎಡಗೈಯಲ್ಲಿ ಪುಟ್ಟನ ಅಂಗಿಯ ಬೆನ್ನು ಹಿಡಿದು ಒಳಕ್ಕೆಳೆದುಕೊಂಡ. ಮಗುವನ್ನ ನನ್ನ ಶ್ರೀಮತಿಯ ಕೈಗಿಟ್ಟು ಮತ್ತೆ ಹಗ್ಗ ಕಟ್ಟೋಕೆ ತಿರುಗಿದ. ಹಿನ್ನೆಲೆ ಸಂಗೀತ ಇಲ್ಲ, ಸ್ಲೋ ಮೋಷನ್ ಇಲ್ಲ. ಎರಡು ಸೆಕೆಂಡು ಕೂಡ ಹಿಡಿದಿರಲಿಕ್ಕಿಲ್ಲ.

ನೀರಿಗೆ ಬಿದ್ದದ್ದು ಪುಟ್ಟನ ಒಂದು ಕೆಂಪು ಚಪ್ಪಲಿ ಮಾತ್ರ. ಅದು ತೇಲುತ್ತಾ ತೇಲುತ್ತಾ ಹೋಗುವುದನ್ನ ನೋಡಿ ಅವನು ಗೊಳೋ ಅಂತ ಅತ್ತ. ತಂಡೇಲರು ನನ್ನ ಹತ್ತಿರ ಬಂದರು. ಬೈತಾರೆ ಅಂದುಕೊಂಡೆ. ಬೈಯಲಿಲ್ಲ. "ಅಳಲಿ ಬಿಡಿ. ಅಳುವ ಮಗು ಕೈಯಲ್ಲಿ ಉಂಟಲ್ಲ" ಅಂದರು ಅಷ್ಟೆ.

ನನ್ನ ಶ್ರೀಮತಿ ಮಾತ್ರ ಸಂಜೆಯ ತನಕ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

*

ದ್ವೀಪ ಸುಂದರವಾಗಿದೆ. ಯಾರೋ ಶಿಲ್ಪಿ ಕೂತು ಕಡೆದು ಜೋಡಿಸಿದ ಹಾಗೆ ಮೂಲೆ ಮೂಲೆಯಾಗಿ ನಿಂತ ಕಲ್ಲಿನ ಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರೂ ಒಂದಕ್ಕೊಂದು ಅಂಟಿಕೊಂಡಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣ್ಣಗಾಗಿ ಸೀಳಿ ಹೀಗೆ ಕಂಬಗಳಾದವಂತೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟ ಅನ್ನುವುದು ಇಲ್ಲಿಯವರ ಮಾತು. ಎಲ್ಲಾ ಸರಿ. ಆದರೆ ಆವತ್ತು ನನ್ನ ಕಣ್ಣಿಗೆ ಕಂಡದ್ದು ಒಂದೇ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಮರಳಲ್ಲಿ ಓಡಾಡುತ್ತಿದ್ದ ನನ್ನ ಮಗ.

ವಾಪಸು ಬರುವಾಗ ಆ ದೋಣಿ ಹುಡುಗನ ಪಕ್ಕದಲ್ಲೇ ಕೂತೆ. ಕೃತಜ್ಞತೆ ಹೇಳೋಕೆ ಹೋದರೆ ಅವನು ನಾಚಿಕೊಂಡು ಮಾತು ಬದಲಿಸಿದ. ನಾನು ಸಿನಿಮಾ ಪತ್ರಿಕೆಯವನು ಅಂತ ಗೊತ್ತಾದ ಮೇಲೆ ಕೇಳಿದ: "ಸಾರ್, ಸಿನಿಮಾದಲ್ಲಿ ಸಮುದ್ರ ಬರ್ತದಲ್ಲ, ಅದು ನಿಜವಾದ್ದಾ?"

ಒಳ್ಳೇ ಪ್ರಶ್ನೆ! ನೀವೂ ಕೇಳಿಕೊಳ್ಳಿ.

'ಟೈಟಾನಿಕ್' (1997) ಚಿತ್ರದ ಆ ಕೈ ಅಗಲಿಸುವ ದೃಶ್ಯ ಇದೆಯಲ್ಲ, ಆ ಹಡಗು ಎಲ್ಲಿಗೂ ಹೊರಡಲೇ ಇಲ್ಲ! ಮೆಕ್ಸಿಕೋದ ಸಮುದ್ರದ ಅಂಚಿನಲ್ಲಿ ಸುಮಾರು 6.4 ಕೋಟಿ ಲೀಟರ್ ನೀರು ಹಿಡಿಯುವ ತೊಟ್ಟಿ ಕಟ್ಟಿ, ಅದರೊಳಗೆ ಹಡಗಿನ ಸೆಟ್ ನಿಲ್ಲಿಸಿದ್ದರು. 'ಲೈಫ್ ಆಫ್ ಪೈ' (2012) ಚಿತ್ರದ ಮಹಾಸಾಗರ ತೈವಾನಿನಲ್ಲಿ, ಬಳಕೆ ನಿಂತ ವಿಮಾನ ನಿಲ್ದಾಣದಲ್ಲಿ ಕಟ್ಟಿದ ಅಲೆ ಎಬ್ಬಿಸುವ ತೊಟ್ಟಿ. ಹುಲಿ ಬಹುಪಾಲು ಕಂಪ್ಯೂಟರಿನದು. ಹುಡುಗ ಸೂರಜ್ ಶರ್ಮಾಗೆ ಚಿತ್ರಕ್ಕೆ ಆಯ್ಕೆಯಾದಾಗ ಈಜೇ ಬರ್ತಿರಲಿಲ್ಲ, ಕಲಿಸಿ ಇಳಿಸಿದರು. ನಿಜವಾದ ಸಮುದ್ರವೇ ಬೇಕು ಅಂತ ಹಟ ಹಿಡಿದ ಸ್ಪೀಲ್‌ಬರ್ಗ್ ಗತಿ ಏನಾಯಿತು? 'ಜಾಸ್' (1975) ಚಿತ್ರಕ್ಕೆ ಹಾಕಿದ್ದು 55 ದಿನದ ಲೆಕ್ಕ. ಮುಗಿದಾಗ 159 ದಿನ! ಉಪ್ಪು ನೀರಿಗೆ ಯಂತ್ರದ ಶಾರ್ಕ್ ಕೈಕೊಟ್ಟಿತು, ಚಿತ್ರದ ದೋಣಿಯೇ ಒಮ್ಮೆ ಮುಳುಗಿತು. ಕೋಟಿಗಟ್ಟಲೆ ಹಣ ಇದ್ದವರ ಮಾತನ್ನೇ ಸಮುದ್ರ ಕೇಳಲಿಲ್ಲ. ನಮ್ಮ ಹೀರೋನ ಮಾತು ಕೇಳುತ್ತಾ?

ಹುಡುಗ ಎಲ್ಲಾ ಕೇಳಿಸಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, "ನಮ್ಮವರು ಇಬ್ಬರು ಹೋದ್ರಲ್ಲ ಸಾರ್... ಅವರಿಗೆ ಜಾಕೆಟ್ ಇರ್ಲಿಲ್ಲ ಅಲ್ವಾ?" ಅಂದ.

ಯಾರ ವಿಷಯ ಅಂತ ನಿಮಗೂ ಗೊತ್ತು. 2016ರ ನವೆಂಬರ್ 7. ತಿಪ್ಪಗೊಂಡನಹಳ್ಳಿ ಜಲಾಶಯ. 'ಮಾಸ್ತಿಗುಡಿ' ಚಿತ್ರದ ಕ್ಲೈಮ್ಯಾಕ್ಸ್. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ವಿಜಯ್ ಬದುಕಿ ದಡ ಸೇರಿದರು. ಖಳನಟರಾದ ಅನಿಲ್ ಮತ್ತು ಉದಯ್ ಸೇರಲಿಲ್ಲ. ಲೈಫ್ ಜಾಕೆಟ್ ಇಲ್ಲದೆ ಹಾರಿದ್ದರು. ಕ್ಯಾಮೆರಾ ಇತ್ತು, ಜನ ಇದ್ದರು, ಹಗಲು ಬೆಳಕಿತ್ತು. ಎಲ್ಲಾ ಇದ್ದೂ, ಇರಬೇಕಾದ್ದು ಒಂದು ಇರಲಿಲ್ಲ. ನಾನು ಹುಡುಗನಿಗೆ, "ಇರ್ಲಿಲ್ಲಪ್ಪಾ" ಅಂದೆ. ಮುಂದೆ ಮಾತು ಬರಲಿಲ್ಲ.

*

ನೀರು ಗೊತ್ತಿದ್ದ ನಟರೂ ಇದ್ದರು ಅನ್ನಿ. 'ಕಾಸಾಬ್ಲಾಂಕಾ' ಖ್ಯಾತಿಯ ಹಂಫ್ರಿ ಬೋಗಾರ್ಟ್ 1945ರಲ್ಲಿ 55 ಅಡಿಯ ಹಾಯಿದೋಣಿ ಕೊಂಡ. ಹೆಸರು 'ಸ್ಯಾಂಟಾನಾ'. ನಮ್ಮವರು ಅದನ್ನ 'ಸಂತಾನ' ಅಂತ ಓದಿದರೂ ತಪ್ಪೇನಿಲ್ಲ, ಮಕ್ಕಳ ಮೇಲಿನಷ್ಟೇ ಪ್ರೀತಿ ಆ ದೋಣಿಯ ಮೇಲೆ! ಹೆಂಡತಿ ಲಾರೆನ್ ಬಾಕಾಲ್‌ಗೆ ಮಾತ್ರ ದೋಣಿ ಅಷ್ಟಾಗಿ ಒಗ್ಗಲಿಲ್ಲ. ತೆರೆಯ ಮೇಲೆ ಪಿಸ್ತೂಲು ಹಿಡಿದು ಮೆರೆದ ಆತ ಬಿಡುವು ಸಿಕ್ಕಾಗಲೆಲ್ಲ ಹಾಯಿಯ ಹಗ್ಗ ಹಿಡಿಯುತ್ತಿದ್ದ. 1957ರಲ್ಲಿ ತೀರಿಕೊಂಡಾಗ ಪ್ರಾರ್ಥನೆಯ ಜಾಗದಲ್ಲಿ ಶವಪೆಟ್ಟಿಗೆ ಇಡಲಿಲ್ಲ, ಆ ದೋಣಿಯ ಮಾದರಿ ಇಟ್ಟಿದ್ದರು. ದೋಣಿಯನ್ನ ಅಷ್ಟು ಹಚ್ಚಿಕೊಳ್ಳಬೇಕಾದರೆ ಮೊದಲು ದೋಣಿಯ ಕೆಲಸ ಕಲಿಯಬೇಕು. ನಾವು ಪೋಜು ಮಾತ್ರ ಕಲಿತೆವು.

ಅದಕ್ಕೇ ತಮ್ಮಂದಿರಾ, ಅಣ್ಣನ ನಾಲ್ಕು ಮಾತು. ನೀವು ಗುಂಪು ಕಟ್ಟಿಕೊಂಡು ಹೊರಡುವವರೇ. ಹೊರಡಿ, ಬೇಡ ಅನ್ನೋನು ನಾನಲ್ಲ. ಜಾಕೆಟ್ ಹೆಗಲಿಗೆ ನೇತುಹಾಕಿಕೊಂಡರೆ ಸಾಲದು, ಬಕಲ್ ಬಿಗಿಯಬೇಕು. ಸಡಿಲ ಜಾಕೆಟ್ ನೀರಿಗೆ ಬಿದ್ದ ಕೂಡಲೇ ಮುಖದ ಮೇಲಕ್ಕೆ ಏರುತ್ತೆ. ಮಗುವಿಗೆ ಮಗುವಿನ ಅಳತೆಯದೇ ಕೇಳಿ, ದೊಡ್ಡವರದು ಹಾಕಿದರೆ ಮಗು ಕೆಳಗಿನಿಂದ ಜಾರಿಹೋಗುತ್ತೆ. ದೋಣಿ ತುಂಬಿತ್ತು ಅಂದರೆ ಇನ್ನೊಂದಕ್ಕೆ ಕಾಯಿರಿ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸಾಗುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ಹೋದರು. ಮಿತಿ ಮೀರಿ ಜನ ಹತ್ತಿದ್ದರು. ತಂಡೇಲರು ಕೂತುಕೊಳ್ಳಿ ಅಂದರೆ ಕೂತುಕೊಳ್ಳಿ. ದೋಣಿಯಲ್ಲಿ ಅವರೇ ಡೈರೆಕ್ಟರು.

ಇನ್ನೊಂದು ಮಾತು. ನೀವು ಹೀರೋ ಥರ ಕಾಲರ್ ಎತ್ತಿದಾಗ ಪಕ್ಕದಲ್ಲಿ ಒಬ್ಬ ಪುಟ್ಟ ಇದ್ದಾನಾ ಅಂತ ನೋಡಿ. ನೀವು ಹೀರೋನ ನೋಡ್ತೀರಿ, ಅವನು ನಿಮ್ಮನ್ನ ನೋಡ್ತಿರ್ತಾನೆ.

ಅಂದ ಹಾಗೆ, ವಾಪಸಾಗುವಾಗ ನಮ್ಮ ಹೀರೋ ಜಾಕೆಟ್ ಹಾಕಿ, ಬಕಲ್ ಬಿಗಿದು, ದೋಣಿಯ ನಡುವೆ ಕೂತಿದ್ದ. ಪುಟ್ಟ ಅವನ ತೊಡೆಯ ಮೇಲೆ. ದಡಕ್ಕೆ ಬಂದು ಇಳಿದಾಗ ಅವನ ಹೊಸ ಶರ್ಟಿನ ಎದೆಭಾಗ ಒದ್ದೆಯಾಗಿತ್ತು. ಸಮುದ್ರದ ನೀರು ಅಂದ. ನಾವೂ ಹೌದು ಅಂದೆವು. ಉಡುಪಿಯಲ್ಲಿ ಪುಟ್ಟನಿಗೆ ಹೊಸ ಚಪ್ಪಲಿ ಕೊಡಿಸಿದವನೂ ಅವನೇ.

ಉಳಿದ ಆ ಒಂಟಿ ಕೆಂಪು ಚಪ್ಪಲಿ ಈಗಲೂ ನಮ್ಮ ಮನೆಯ ಬಾಗಿಲ ಹತ್ತಿರ ಇದೆ. ಎಸೆಯೋಣ ಅಂದರೆ ನನ್ನ ಶ್ರೀಮತಿ, "ಇರಲಿ, ನಿಮ್ಮ ಕಣ್ಣಿಗೆ ದಿನಾ ಬೀಳಲಿ" ಅಂತಾಳೆ.

ಬೀಳ್ತಾ ಇದೆ.

ಮುಂದಿನ ವಾರ ಮತ್ತೆ ಮೊದಲನೇ ತೆರೆಗೆ. ಅಲ್ಲೀತನಕ... ಬಕಲ್ ಬಿಗಿದಿರಲಿ!