ಚಾಳೀಸು ಶೋಕಿಯಲ್ಲ, ದುಡಿಮೆಯ ಹತ್ಯಾರ

ಬನವಾಸಿ ಸೀಮೆಯಲ್ಲಿ ಅಡಿಕೆ ಸುಲಿಯುವ ಹೆಂಗಸಿನ ಬೆರಳು ಮೆಟ್ಟುಗತ್ತಿಯ ಅಲಗಿನ ಪಕ್ಕದಲ್ಲೇ ಆಡಬೇಕು. ಮಿಲ್ಲಿನವನು ಅಕ್ಕಿಯೊಳಗಿನ ಕಲ್ಲನ್ನು ಕಾಣಬೇಕು. ಅಂಗಡಿಕಾರ ತೂಕದ ಅಂಕಿಯನ್ನೂ ಉದ್ದರಿ ಪುಸ್ತಕವನ್ನೂ ಓದಬೇಕು. ನಲವತ್ತು ದಾಟಿತೆಂದರೆ ಮೂವರಿಗೂ ಒಂದೇ ಸಂಕಟ: ದೂರದ ಗುಡ್ಡ ಕಾಣುತ್ತದೆ, ಕೈಯಲ್ಲಿರುವುದು ಮಸುಕು.

ಇದು ರೋಗವಲ್ಲ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಬಿರುಸಾಗುತ್ತದೆ. ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬಲಾರದು. ಸಾಹುಕಾರನಿಗೂ ಕೂಲಿಯವನಿಗೂ ಇದು ತಪ್ಪಿದ್ದಲ್ಲ. ಓದುವ ಕನ್ನಡಕಕ್ಕೆ ಜನ ಚಾಳೀಸೆಂದು ಹೆಸರಿಟ್ಟದ್ದೂ ಅದಕ್ಕೇ. ಮರಾಠಿಯಲ್ಲಿ ಆ ಮಾತಿಗೆ ನಲವತ್ತೆಂದೇ ಅರ್ಥ. ಆದರೆ ಸಾಹುಕಾರ ಕನ್ನಡಕ ತರುತ್ತಾನೆ. ಕೂಲಿಯವನು 'ಇನ್ನು ನಮಗೇನು ಓದುವುದಿದೆ' ಎಂದು ಸುಮ್ಮನಾಗುತ್ತಾನೆ. ಈ ಮಾತನ್ನು ನಾವು ಒಪ್ಪಲಾರೆವು.

ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕೂಲಿಗಾರರ ಮೇಲೆ ನಡೆದ ಪರೀಕ್ಷೆಯ ಫಲ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದವರ ದುಡಿಮೆ ಪಡೆಯದವರಿಗಿಂತ ಶೇಕಡಾ 21ಕ್ಕೂ ಮಿಕ್ಕಿ ಏರಿತ್ತು. ಅವರು ಕೊಯ್ದದ್ದು ಎಲೆ, ಓದಿದ್ದು ಪುಸ್ತಕವಲ್ಲ. ತೂಕದ ಮೇಲೆ, ಲೆಕ್ಕದ ಮೇಲೆ ಕೂಲಿ ಎಣಿಸುವ ನಮ್ಮಲ್ಲಿ ಮಂಜಾದ ಕಣ್ಣು ದಿನವೂ ಕೂಲಿಯನ್ನು ಕಡಿಯುತ್ತಿದೆ. ಕತ್ತಿಯಂತೆ ಕನ್ನಡಕವೂ ದುಡಿಮೆಯ ಹತ್ಯಾರ.

ಸರಕಾರಕ್ಕೆ ಇದು ತಿಳಿಯದ್ದಲ್ಲ. ಕುರುಡು ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. ನೆರೆಯ ಹಾವೇರಿಯಲ್ಲಿ 2023ರಲ್ಲಿ 'ಆಶಾಕಿರಣ'ವೆಂದು ಮನೆಮನೆಯ ಕಣ್ಣು ತಪಾಸಣೆಗೂ ಉಚಿತ ಕನ್ನಡಕಕ್ಕೂ ಚಾಲನೆ ಕೊಟ್ಟರು. ಅದಕ್ಕೂ ಎಷ್ಟೋ ಮೊದಲು ಬೀಳಗಿಯ ಡಾಕ್ಟರ್ ಎಂ. ಸಿ. ಮೋದಿಯವರು, ರೋಗಿ ಬರಲೆಂದು ಕಾಯದೆ, ಊರೂರಿಗೆ ಶಿಬಿರ ಒಯ್ದು ಪೊರೆ ತೆಗೆದರು. ದಾರಿ ಅದೇ. ಒಂದು ದಿನದ ಕೂಲಿ ಕಳೆದುಕೊಂಡು, ಬಸ್ಸು ಹಿಡಿದು ಶಿರಸಿಗೆ ಬಾ ಎಂದರೆ ಬಡವ ಬರಲಾರ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಅಡಿಕೆ ಕೊಯ್ಲು ಶುರುವಾಗುವ ಮೊದಲೇ ಪ್ರತಿ ವರ್ಷ ಬನವಾಸಿಯಲ್ಲಿ ಕಣ್ಣು ತಪಾಸಣೆ ನಡೆಯಲಿ. ಓದುವ ಕನ್ನಡಕವನ್ನು ಅಂದೇ ಕೈಗೆ ಕೊಡಲಿ. ಮಿಲ್ಲಿನ ಮಾಲೀಕರೂ ಸಹಕಾರಿ ಸಂಘಗಳೂ ಆ ಅರ್ಧ ದಿನದ ಕೂಲಿ ಕಡಿಯದಿರಲಿ. ಖರ್ಚು ಅಲ್ಪ, ಲಾಭ ಅವರಿಗೂ ಉಂಟು.

ಓದುಗರಿಗೂ ಒಂದು ಮಾತು. ಸಂತೆಯ ಸಿದ್ಧ ಕನ್ನಡಕ ಹತ್ತಿರದ ಕೆಲಸಕ್ಕೆ ಒದಗೀತು; ಆದರೆ ಪೊರೆಯನ್ನಾಗಲಿ, ಸದ್ದಿಲ್ಲದೆ ದೃಷ್ಟಿ ತಿನ್ನುವ ಗ್ಲಾಕೋಮವನ್ನಾಗಲಿ ಅದು ಹಿಡಿದು ಹೇಳಲಾರದು. ಗ್ಲಾಕೋಮದಿಂದ ಹೋದ ದೃಷ್ಟಿ ಮರಳದು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಡಾಕ್ಟರಿಗೆ ಕಣ್ಣು ತೋರಿಸಲೇಬೇಕು. ಪಂಚಾಯತಿಯ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಶಿಬಿರ ಕೇಳಿ. ಒಬ್ಬರು ಕೇಳಿದರೆ ಅರ್ಜಿ, ಊರೇ ಕೇಳಿದರೆ ಹಕ್ಕು.